ಒಂದು ಚಿತ್ರ, ಎರಡು ಇಸವಿ: ಕಲೆಯ ಮೂಲಕ ಚೀನಾದ ಇತಿಹಾಸ ಓದುವುದು ಹೇಗೆ?

ಚೀನಾದ ಆಧುನಿಕ ಇತಿಹಾಸ ತಿಳಿದುಕೊಳ್ಳಬೇಕು ಅಂತ ಆಸೆಯಿಂದ ದಪ್ಪ ಪುಸ್ತಕ ಹಿಡಿದು, ಐವತ್ತನೇ ಪುಟಕ್ಕೆ ಕೈಬಿಟ್ಟವರು ಬಹಳ ಜನ. ಹೆಸರುಗಳೆಲ್ಲ ಕಲಸಿಕೊಳ್ಳುತ್ತವೆ. ಆಂದೋಲನದ ಮೇಲೆ ಆಂದೋಲನ ಬರುತ್ತದೆ, ಯಾರು ಯಾರನ್ನು ಯಾಕೆ ಕೆಳಗಿಳಿಸಿದರು ಅಂತ ನೆನಪಿಟ್ಟುಕೊಳ್ಳುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅಂಥವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಚಿತ್ರ ನೋಡಿ, ಶಿಲ್ಪ ನೋಡಿ, ಆಮೇಲೆ ಪುಸ್ತಕಕ್ಕೆ ಬನ್ನಿ. ಯಾಕಂದ್ರೆ ಚೀನಾದಲ್ಲಿ ಹಿಂದೆ ನಡೆದದ್ದರ ಬಗ್ಗೆ ಎಷ್ಟು ಹೇಳಬಹುದು ಅನ್ನೋದನ್ನ ಪಕ್ಷವೇ ಗೊತ್ತು ಮಾಡುತ್ತದೆ. 1981ರಲ್ಲಿ ಕಮ್ಯುನಿಸ್ಟ್ ಪಕ್ಷ ಒಂದು ನಿರ್ಣಯ ಹೊರಡಿಸಿ, ಮಾವೋ ಮಾಡಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಅಧಿಕೃತವಾಗಿ ಬರೆದಿಟ್ಟಿತು. ಅದರಾಚೆಗೆ ಏನಾದರೂ ಹೇಳಬೇಕೆಂದವರು ಬೇರೆ ದಾರಿ ಹುಡುಕಬೇಕಾಯಿತು. ಕಲಾವಿದರು ಹುಡುಕಿಕೊಂಡರು.

ಹೆಜ್ಜೆ 1: ಒಂದು ನೋಟ್‌ಬುಕ್, ಮೂರು ಕಾಲಮ್

ಮೊದಲ ಪುಟದಲ್ಲಿ ಈ ಇಸವಿಗಳನ್ನು ಬರೆದುಕೊಳ್ಳಿ. 1949, ಮಾವೋ ಹೊಸ ಗಣರಾಜ್ಯ ಘೋಷಿಸಿದ್ದು. 1957, ಬಾಯಿಬಿಟ್ಟು ಟೀಕೆ ಮಾಡಿದ ಲೇಖಕರಿಗೆ, ಮೇಷ್ಟರಿಗೆ ಬಲಪಂಥೀಯರೆಂಬ ಹಣೆಪಟ್ಟಿ ಹಚ್ಚಿ ದೂರದ ಹಳ್ಳಿಗಾಡಿಗೆ ಅಟ್ಟಿದ್ದು. 1958, ಕೃಷಿ, ಕೈಗಾರಿಕೆಯನ್ನು ಒಮ್ಮೆಗೇ ಮುಂದಕ್ಕೆ ಒಯ್ಯುತ್ತೇವೆಂದು ಮಾವೋ ಶುರು ಮಾಡಿದ ‘ಮಹಾ ಜಿಗಿತ’, ಅದರ ಬೆನ್ನಿಗೇ ಕೋಟಿಗಟ್ಟಲೆ ಜನರ ಪ್ರಾಣ ತೆಗೆದ ಬರಗಾಲ. 1966ರಿಂದ 1976ರ ತನಕ ಸಾಂಸ್ಕೃತಿಕ ಕ್ರಾಂತಿ, ಹಳೆಯದನ್ನೂ ತನ್ನ ವಿರೋಧಿಗಳನ್ನೂ ಅಳಿಸಲು ಮಾವೋ ಯುವಕರನ್ನು ಎಬ್ಬಿಸಿದ್ದು. 1978ರ ಕೊನೆಗೆ, ಮಾವೋ ನಂತರದ ನಾಯಕ ಡೆಂಗ್ ಶಿಯಾವೊಪಿಂಗ್ ಸುಧಾರಣೆ ಶುರು. 1989, ಬೀಜಿಂಗಿನ ತಿಯಾನನ್ಮೆನ್ ಚೌಕದಲ್ಲಿ ಪ್ರಜಾಪ್ರಭುತ್ವ ಕೇಳಿದ ವಿದ್ಯಾರ್ಥಿಗಳ ಚಳವಳಿಯನ್ನು ಸೈನ್ಯ ಹತ್ತಿಕ್ಕಿದ್ದು. 1992, ಮಾರುಕಟ್ಟೆಗೆ ಮತ್ತೆ ಜೋರು ಕೊಟ್ಟ ಡೆಂಗ್ ದಕ್ಷಿಣ ಪ್ರವಾಸ. 2001, ವಿಶ್ವ ವ್ಯಾಪಾರ ಸಂಸ್ಥೆಗೆ ಸೇರ್ಪಡೆ. 2008, ಸಿಚುವಾನ್ ಭೂಕಂಪ, ಅದಾಗಿ ಮೂರೇ ತಿಂಗಳಿಗೆ ಬೀಜಿಂಗ್ ಒಲಿಂಪಿಕ್ಸ್. ಸದ್ಯಕ್ಕೆ ಇಷ್ಟು ಸಾಕು.

ಮುಂದಿನ ಪುಟದಲ್ಲಿ ಮೂರು ಕಾಲಮ್ ಎಳೆಯಿರಿ. ಕೃತಿ ಯಾವ ಕಾಲದ ಬಗ್ಗೆ ಇದೆ? ಯಾವ ಇಸವಿಯಲ್ಲಿ ಮಾಡಿದ್ದು? ಮೊದಲು ಎಲ್ಲಿ ತೋರಿಸಿದ್ದು? ಇಡೀ ವಿಧಾನ ಇರುವುದೇ ಇಲ್ಲಿ. ಪ್ರತಿಯೊಂದು ಕೃತಿಗೂ ಎರಡು ಇಸವಿ ಇರುತ್ತದೆ, ಆ ಎರಡರ ನಡುವಿನ ಅಂತರವನ್ನು ಓದಲು ಕಲಿತರೆ ಒಂದು ಸಂಗತಿ ಹೇಳಲು ಜನ ಎಷ್ಟು ವರ್ಷ ಕಾಯಬೇಕಾಯಿತು ಅಂತ ಗೊತ್ತಾಗುತ್ತದೆ. ಮೂರನೇ ಕಾಲಮ್ಮು ಅದನ್ನು ಎಲ್ಲಿ ನಿಂತು ಹೇಳಲು ಸಾಧ್ಯವಾಯಿತು ಅಂತ ತೋರಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಝಾಂಗ್ ಶಿಯಾವೊಗಾಂಗ್, ಝಾಂಗ್ ಹುವಾನ್, ಝಾಂಗ್ ದಾಲಿ ಮೂವರೂ ಅಣ್ಣತಮ್ಮಂದಿರಲ್ಲ. ಸುಮ್ನೆ ‘ಝಾಂಗ್’ ಅಂತ ಬರೆದುಕೊಂಡರೆ ಆಮೇಲೆ ಯಾರು ಯಾರು ಅಂತ ತಿಳಿಯುವುದಿಲ್ಲ, ಪೂರ್ತಿ ಹೆಸರೇ ಬರೆಯಿರಿ.

ಹೆಜ್ಜೆ 2: ಬಂಡಾಯಕ್ಕಿಂತ ಮೊದಲು ಸರ್ಕಾರ ಬರೆಸಿದ ಚಿತ್ರ ನೋಡಿ

ಬಂಡಾಯದ ಕಲೆಗೆ ಒಮ್ಮೆಗೇ ಹಾರಬೇಡಿ. ಯಾವುದರ ವಿರುದ್ಧ ಬಂಡೆದ್ದರು ಅಂತ ಗೊತ್ತಿಲ್ಲದೆ ಅದು ಅರ್ಥವಾಗುವುದಿಲ್ಲ. 1942ರ ಮೇ ತಿಂಗಳಲ್ಲಿ, ಪಕ್ಷದ ಆಗಿನ ನೆಲೆಯಾಗಿದ್ದ ಯಾನಾನ್‌ನಲ್ಲಿ ಮಾಡಿದ ಭಾಷಣಗಳಲ್ಲಿ, ಕಲೆ ಇರುವುದು ಕಾರ್ಮಿಕರು, ರೈತರು, ಸೈನಿಕರಿಗಾಗಿ, ಅದು ರಾಜಕೀಯದ ಕೆಲಸ ಮಾಡಬೇಕು ಅಂತ ಮಾವೋ ಹೇಳಿದ್ದರು. ಮುಂದಿನ ಮೂರು ದಶಕ ಕಲೆ ನಡೆದದ್ದು ಆ ಮಾತಿನ ಮೇಲೆ.

ಈಗ ಡಾಂಗ್ ಶೀವೆನ್ 1953ರಲ್ಲಿ ಬರೆದ ‘ರಾಷ್ಟ್ರ ಸ್ಥಾಪನೆಯ ಸಮಾರಂಭ’ ಎಂಬ ದೊಡ್ಡ ತೈಲಚಿತ್ರ ತೆಗೆಯಿರಿ. ಮೊಬೈಲ್ ಬೇಡ, ದೊಡ್ಡ ಸ್ಕ್ರೀನಿನಲ್ಲೇ ನೋಡಿ, ಇದು ನಾಲ್ಕು ಮೀಟರ್ ಅಗಲದ ಚಿತ್ರ. 1949ರ ಅಕ್ಟೋಬರ್ 1, ತಿಯಾನನ್ಮೆನ್ ದ್ವಾರದ ಮೇಲೆ ಮಾವೋ ಮೈಕಿನ ಮುಂದೆ ನಿಂತು ಓದುತ್ತಿದ್ದಾರೆ. ಕೆಂಪು ಕಂಬ, ದೊಡ್ಡ ಕೆಂಪು ಲಾಟೀನು, ಸೇವಂತಿಗೆ ಕುಂಡಗಳು, ನೆಲಕ್ಕೆ ಹಾಸಿದ ಕಾರ್ಪೆಟ್ಟು, ಕೆಳಗೆ ಬಾವುಟ ಹಿಡಿದ ಜನಸಾಗರ. ಬಲಗಡೆ ನಿಜವಾಗಿ ಒಂದು ಕಂಬ ಇರಬೇಕಿತ್ತು, ಅದು ಬಂದರೆ ನೋಟ ಕಿರಿದಾಗುತ್ತದೆ ಅಂತ ಚಿತ್ರಕಾರ ಅದನ್ನು ಬಿಟ್ಟುಬಿಟ್ಟ. ಅದು ಅವನ ಸ್ವಂತ ತೀರ್ಮಾನ. ಆಮೇಲೆ ಆದದ್ದೆಲ್ಲ ಬೇರೆಯವರ ತೀರ್ಮಾನ.

ಮಾವೋ ಹಿಂದೆ ಸಾಲಾಗಿ ನಿಂತ ನಾಯಕರನ್ನು ನೋಡಿ. ಮೊದಲ ಚಿತ್ರದಲ್ಲಿ ಆ ಸಾಲಿನ ಬಲತುದಿಗೆ ಗಾವೊ ಗಾಂಗ್ ಇದ್ದ. 1954ರಲ್ಲಿ ಅವನನ್ನು ಪಕ್ಷ ಮೂಲೆಗೆ ತಳ್ಳಿತು, ಅವನು ಆತ್ಮಹತ್ಯೆ ಮಾಡಿಕೊಂಡ, ಚಿತ್ರದಿಂದಲೂ ಅಳಿಸಿದರು. ಅವನು ನಿಂತಿದ್ದ ಜಾಗವನ್ನು ಹೂಕುಂಡ ಮತ್ತು ಆಕಾಶ ತುಂಬಿಕೊಂಡವು. ಸಾಂಸ್ಕೃತಿಕ ಕ್ರಾಂತಿಯಲ್ಲಿ ರಾಷ್ಟ್ರಾಧ್ಯಕ್ಷ ಲಿಯು ಶಾವೊಚಿಯ ಸರದಿ ಬಂತು. 1969ರಲ್ಲಿ ಅವರು ಬಂಧನದಲ್ಲೇ ಸತ್ತರು. ಚಿತ್ರದಲ್ಲಿ ಅವರ ಜಾಗಕ್ಕೆ ಡಾಂಗ್ ಬೀವು ಎಂಬ ಇನ್ನೊಬ್ಬ ನಾಯಕ ಬಂದ. 1972ರಲ್ಲಿ ಇನ್ನೂ ಒಬ್ಬರನ್ನು ತೆಗೆಯಬೇಕು ಅಂತ ಹುಕುಂ ಬಂದಾಗ ಡಾಂಗ್ ಶೀವೆನ್ ಕ್ಯಾನ್ಸರಿನಿಂದ ಮಲಗಿದ್ದರು, ಕುಂಚ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಜಿನ್ ಶಾಂಗ್‌ಯಿ ಮತ್ತು ಝಾವೊ ಯು ಎಂಬ ಇಬ್ಬರು ಕಲಾವಿದರು ಇಡೀ ಚಿತ್ರದ ನಕಲನ್ನೇ ಮಾಡಿದರು. ಮಾವೋ ತೀರಿಕೊಂಡ ಮೇಲೆ, 1979ರ ಹೊತ್ತಿಗೆ, ಹೋದವರೆಲ್ಲ ಚಿತ್ರಕ್ಕೆ ವಾಪಸ್ ಬಂದರು. ಡಾಂಗ್ ಶೀವೆನ್ ಮಾತ್ರ ಅದನ್ನು ನೋಡಲಿಲ್ಲ, ಅವರು 1973ರಲ್ಲೇ ಹೋಗಿಬಿಟ್ಟಿದ್ದರು.

ಅಂತರ್ಜಾಲದಲ್ಲಿ ಇದರ ಬೇರೆ ಬೇರೆ ಆವೃತ್ತಿಗಳು ಸಿಗುತ್ತವೆ. ಎರಡನ್ನು ಪಕ್ಕಪಕ್ಕ ತೆರೆದಿಟ್ಟು ತಲೆ ಎಣಿಸಿ. ನೋಟ್‌ಬುಕ್ಕಿನ ಎರಡನೇ ಕಾಲಮ್ಮಿನಲ್ಲಿ ಈ ಒಂದೇ ಚಿತ್ರಕ್ಕೆ ನಾಲ್ಕೈದು ಇಸವಿ ಬರೆಯಬೇಕಾಗುತ್ತದೆ. ಪಕ್ಷದೊಳಗಿನ ಜಗಳಗಳ ಇಡೀ ಅಧ್ಯಾಯವೇ ಅಲ್ಲಿ ಬಂತಲ್ವಾ?

ಇದರ ಜೊತೆಗೆ ನೋಡಬೇಕಾದ ಇನ್ನೊಂದು ಕೃತಿ, 1965ರಲ್ಲಿ ಸಿಚುವಾನ್ ಪ್ರಾಂತ್ಯದ ದಾಯಿ ಎಂಬಲ್ಲಿ ಲಿಯು ವೆನ್ಸಾಯ್ ಅನ್ನೋ ಜಮೀನ್ದಾರನ ಹಳೇ ಬಂಗಲೆಯಲ್ಲಿ ಮಾಡಿದ ‘ಗೇಣಿ ವಸೂಲಿ ಅಂಗಳ’. ಆಳೆತ್ತರದ 114 ಮಣ್ಣಿನ ಮೂರ್ತಿಗಳು. ಗೇಣಿ ಕೊಡಲು ಬಂದ ರೈತರು, ಅಳತೆ ಮಾಡುವ ಗುಮಾಸ್ತ, ಬೈಯುವ ದಳ್ಳಾಳಿ. ವರ್ಗದ್ವೇಷ ಕಲಿಸಲು ಮಾಡಿದ್ದು, ಆದರೆ ಕೆಲಸಗಾರಿಕೆ ಮಾತ್ರ ಅದ್ಭುತ. ಮೂವತ್ತನಾಲ್ಕು ವರ್ಷ ಬಿಟ್ಟು, 1999ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಚೀನೀ ಕಲಾವಿದ ತ್ಸೈ ಗುವೊಚಿಯಾಂಗ್ ಈ ಮೂರ್ತಿಗಳನ್ನು ಜನರ ಕಣ್ಣೆದುರೇ ಮತ್ತೆ ಮಾಡಿಸಿದರು. ಮಣ್ಣನ್ನು ಸುಡಲಿಲ್ಲ. ಒಣಗಿ, ಬಿರುಕು ಬಿಟ್ಟು, ಉದುರಿ ಬೀಳಲು ಬಿಟ್ಟರು. ಬಿಯೆನಾಲೆಯ ಗೋಲ್ಡನ್ ಲಯನ್ ಪ್ರಶಸ್ತಿ ಅವರಿಗೆ ಬಂತು. ಮೂಲ ಕೃತಿ ಮಾಡಿದ ಸಿಚುವಾನಿನ ಕಲಾಶಾಲೆ ಸಿಟ್ಟಾಗಿ ಕೋರ್ಟಿಗೆ ಹೋಗುತ್ತೇವೆ ಅಂತ ಎದ್ದಿತು. ಒಂದು ಕಾಲದ ನಂಬಿಕೆ ಇನ್ನೊಂದು ಕಾಲಕ್ಕೆ ಯಾರ ಸ್ವತ್ತು ಅನ್ನೋ ಜಗಳ ಅದು.

ಹೆಜ್ಜೆ 3: ಸಾಂಸ್ಕೃತಿಕ ಕ್ರಾಂತಿಯನ್ನು ಮನೆಯೊಳಗಿನಿಂದ ನೋಡಿ

ಮಾವೋ ಮಾತುಗಳ ಕೆಂಪು ಪುಸ್ತಕ ಎತ್ತಿಹಿಡಿದ, ಆ ಕ್ರಾಂತಿಯ ಯುವ ಪಡೆಗಳಾದ ರೆಡ್ ಗಾರ್ಡ್‌ಗಳ ಫೋಟೋ ಎಲ್ಲರೂ ನೋಡಿದ್ದೇವೆ. ಆ ಗಲಾಟೆ ಮುಗಿದ ಮೇಲೆ ಮನೆಗಳಲ್ಲಿ ಏನು ಉಳಿಯಿತು ಅನ್ನೋದು ನನಗೆ ಮುಖ್ಯ ಅನಿಸುತ್ತದೆ. ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ.

ಮೊದಲು ಸೋಂಗ್ ದೋಂಗ್ ಅವರ ‘ವೇಸ್ಟ್ ನಾಟ್’. 2005ರಲ್ಲಿ ಬೀಜಿಂಗಿನ 798 ಕಲಾ ವಲಯದಲ್ಲಿ ಮೊದಲು ತೋರಿಸಿದ್ದು. ಮಾಡಿದ್ದು ಮಗ ಮತ್ತು ತಾಯಿ ಇಬ್ಬರೂ ಸೇರಿ. ತಾಯಿ ಝಾವೊ ಶಿಯಾಂಗ್‌ಯುವಾನ್ ಹುಟ್ಟಿದ್ದು ಉಳ್ಳವರ ಮನೆಯಲ್ಲಿ. 1950ರ ದಶಕದಲ್ಲಿ ತಂದೆಯನ್ನು ಜೈಲಿಗೆ ಹಾಕಿದ ಮೇಲೆ ಸಂಸಾರ ಬೀದಿಗೆ ಬಂತು. ಅಲ್ಲಿಂದ ಆಚೆಗೆ ಅವರು ಯಾವ ವಸ್ತುವನ್ನೂ ಎಸೆಯಲಿಲ್ಲ. 2002ರಲ್ಲಿ ಗಂಡ ತೀರಿಕೊಂಡ ಮೇಲಂತೂ ಮನೆ ತುಂಬ ಸಾಮಾನು ತುಂಬಿಕೊಂಡು ಕಾಲಿಡಲು ಜಾಗವಿಲ್ಲದ ಹಾಗಾಯಿತು. ದುಃಖದಲ್ಲಿ ಮುಳುಗಿದ್ದ ಅಮ್ಮನನ್ನು ಹೊರಗೆ ತರಬೇಕು ಅಂತ ಮಗ, ಇದನ್ನೆಲ್ಲ ಜನರಿಗೆ ತೋರಿಸೋಣ ಬಾ ಅಂದ. ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಗ್ಯಾಲರಿಯ ನೆಲದ ಮೇಲೆ ಜಾತಿಜಾತಿಯಾಗಿ ಬೇರ್ಪಡಿಸಿ ಇಟ್ಟರು. ಹಿಂಡಿ ಮುಗಿದ ಟೂತ್‌ಪೇಸ್ಟ್ ಟ್ಯೂಬುಗಳ ಸಾಲು. ಬಾಟಲಿ ಮುಚ್ಚಳಗಳ ಸಾಲು. ಮಡಿಸಿಟ್ಟ ಪ್ಲಾಸ್ಟಿಕ್ ಚೀಲ, ಬಟ್ಟೆ ಚೂರು, ಸವೆದ ಚಪ್ಪಲಿ, ಬೋಗುಣಿ, ಗೊಂಬೆ. ನಡುವೆ ಹಳೇ ಮನೆಯ ಮರದ ಚೌಕಟ್ಟು. ಮೇಲೆ, ಅಪ್ಪ ನೀನು ಚಿಂತೆ ಮಾಡಬೇಡ, ಅಮ್ಮ ಮತ್ತು ನಾವೆಲ್ಲ ಚೆನ್ನಾಗಿದ್ದೇವೆ ಅನ್ನೋ ಅರ್ಥದ ನಿಯಾನ್ ದೀಪದ ಅಕ್ಷರಗಳು.

ಇದರಲ್ಲಿ ಬಟ್ಟೆ ಒಗೆಯುವ ಸೋಪುಗಳ ಸಾಲನ್ನು ಹುಡುಕಿ. ಸೋಪು ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲದಲ್ಲಿ, ಮಕ್ಕಳಿಗೆ ಮುಂದೆ ಸೋಪಿಗೆ ತೊಂದರೆ ಆಗಬಾರದು ಅಂತ ತಾಯಿ ಬಿಲ್ಲೆ ಬಿಲ್ಲೆ ಉಳಿಸಿ, ಒಣಗಿಸಿ, ಎತ್ತಿಟ್ಟಿದ್ದರು. ಮಗನ ಮದುವೆ ಹೊತ್ತಿಗೆ ಅದನ್ನು ಕೊಡಲು ಹೋದರೆ ಮಗ, ಈಗ ವಾಷಿಂಗ್ ಮೆಷಿನ್ ಇದೆಯಲ್ಲಮ್ಮ, ಇದೇನೂ ಬೇಡ ಅಂದ. ಅವರು ಆಗಲೂ ಎಸೆಯಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾದ ಆ ಸೋಪುಗಳನ್ನು ನೋಡಿದರೆ ರೇಷನ್ ವ್ಯವಸ್ಥೆ, ಕೊರತೆ, ಭಯ, ತಾಯಿಯ ಪ್ರೀತಿ ಎಲ್ಲ ಒಟ್ಟಿಗೇ ಗೊತ್ತಾಗುತ್ತದೆ, ಯಾವ ಅಂಕಿಅಂಶವೂ ಇಷ್ಟು ಹತ್ತಿರ ಕರೆದೊಯ್ಯುವುದಿಲ್ಲ. ಪ್ರದರ್ಶನದ ದಿನಗಳಲ್ಲಿ ತಾಯಿಯೇ ಅಲ್ಲಿ ಇರುತ್ತಿದ್ದರು, ಬಂದವರ ಜೊತೆ ಹರಟುತ್ತಿದ್ದರು. ತಮ್ಮ ಮನೆಯಲ್ಲೂ ಇಂಥದೇ ಡಬ್ಬಿ ಇತ್ತು ಅಂತ ಮಾತಾಡುವ ಜನ ಅವರಿಗೆ ಸಿಕ್ಕರು. 2009ರಲ್ಲಿ ಅವರು ತೀರಿಕೊಂಡರು, ಅದೇ ವರ್ಷ ಇದು ನ್ಯೂಯಾರ್ಕಿನ ಮೋಮಾ ಮ್ಯೂಸಿಯಮ್ಮಿಗೆ ಹೋಯಿತು.

ಮುಂದೆ ಝಾಂಗ್ ಶಿಯಾವೊಗಾಂಗ್. ಅಪ್ಪ ಅಮ್ಮನ ಹಳೇ ಸ್ಟುಡಿಯೋ ಫೋಟೋಗಳನ್ನು ನೋಡಿ, 1993ರ ಸುಮಾರಿಗೆ ‘ಬ್ಲಡ್‌ಲೈನ್: ಬಿಗ್ ಫ್ಯಾಮಿಲಿ’ ಸರಣಿ ಶುರು ಮಾಡಿದರು. ಬೂದು ಬಣ್ಣ, ಮಾವೋ ಕೋಟು, ಒಂದೇ ಅಚ್ಚಿನ ಮುಖಗಳು. ಇಲ್ಲಿ ಎರಡು ಸಣ್ಣ ವಿಷಯ ಗಮನಿಸಿ: ಮುಖದ ಮೇಲೆ ಮಚ್ಚೆಯ ಹಾಗೆ ಬಿದ್ದ ಬೆಳಕಿನ ತೇಪೆ, ಒಬ್ಬರಿಂದ ಇನ್ನೊಬ್ಬರಿಗೆ ಹರಿಯುವ ಕೂದಲಿನಷ್ಟು ತೆಳು ಕೆಂಪು ಗೆರೆ. ಮಗ ಅಪ್ಪನ ಮೇಲೆ, ಹೆಂಡತಿ ಗಂಡನ ಮೇಲೆ ದೂರು ಹೇಳಬೇಕಾಗಿ ಬಂದ ಕಾಲದಲ್ಲಿ ರಕ್ತಸಂಬಂಧಕ್ಕೆ ಏನಾಯಿತು ಅನ್ನೋ ಪ್ರಶ್ನೆ ಆ ಗೆರೆಯಲ್ಲಿದೆ. ಹಲವು ಚಿತ್ರಗಳಲ್ಲಿ ಮಗು ಒಂದೇ. 1980ರಿಂದ ದೇಶಕ್ಕೆಲ್ಲ ಬಂದು 2015ರ ತನಕ ಇದ್ದ ಒಂದೇ ಮಗುವಿನ ನೀತಿಯನ್ನೂ ಇಲ್ಲಿ ಸೇರಿಸಿ ಓದುವವರಿದ್ದಾರೆ.

ಕಲಾವಿದ ಐ ವೇಯಿವೇಯಿಯ ಸೂರ್ಯಕಾಂತಿ ಬೀಜಗಳನ್ನೂ ಇದೇ ಸಾಲಿಗೆ ಸೇರಿಸಿ. 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಭಾಂಗಣದ ನೆಲಕ್ಕೆ ಹಾಸಿದ ಹತ್ತು ಕೋಟಿ ಪಿಂಗಾಣಿ ಬೀಜಗಳು, ಒಂದೊಂದನ್ನೂ ಜಿಂಗ್‌ದೆಝೆನ್ ಊರಿನ ಕುಶಲಕರ್ಮಿಗಳು ಕೈಯಲ್ಲೇ ಬಣ್ಣ ಹಚ್ಚಿ ಮಾಡಿದ್ದು. ಪೋಸ್ಟರುಗಳಲ್ಲಿ ಮಾವೋ ಸೂರ್ಯ, ಜನ ಅವನತ್ತ ತಿರುಗಿದ ಸೂರ್ಯಕಾಂತಿ. ಅದೇ ಬೀಜ ಬಡವರ ಜೇಬಿನಲ್ಲಿ ಗೆಳೆಯರ ಜೊತೆ ಹಂಚಿಕೊಳ್ಳುವ ತಿಂಡಿ. ಇವನ ತಂದೆ ಐ ಚಿಂಗ್ ಹೆಸರಾಂತ ಕವಿ, 1957ರ ಆಂದೋಲನದಲ್ಲಿ ಸಿಕ್ಕಿಬಿದ್ದು ಶಿನ್‌ಜಿಯಾಂಗಿಗೆ ಗಡೀಪಾರಾಗಿ, ಅಲ್ಲಿ ಕಕ್ಕಸು ತೊಳೆಯುವ ಕೆಲಸ ಮಾಡಬೇಕಾಯಿತು. ಮಗ ಬೆಳೆದದ್ದು ಅಲ್ಲೇ.

ಇನ್ನು ಲುವೊ ಝಾಂಗ್‌ಲಿಯ ‘ಅಪ್ಪ’, 1980. ಸಾರ್ವಜನಿಕ ಕಕ್ಕಸಿನ ಗೊಬ್ಬರವನ್ನು ಯಾರೂ ಕದಿಯದ ಹಾಗೆ ಚಳಿಯಲ್ಲಿ ಕಾವಲು ಕಾಯುತ್ತಿದ್ದ ಒಬ್ಬ ರೈತನನ್ನು ಕಂಡದ್ದೇ ಇದಕ್ಕೆ ಮೂಲ. ಬಿಸಿಲಿಗೆ ಸುಟ್ಟ ಮುಖ, ಬೆವರ ಹನಿ, ಒಡೆದ ತುಟಿ, ಕೈಯಲ್ಲಿ ಒರಟು ಬೋಗುಣಿ. ಎರಡು ಮೀಟರಿಗಿಂತ ಎತ್ತರ. ಅಷ್ಟು ದೊಡ್ಡ ಮುಖಚಿತ್ರ ಆ ತನಕ ಮಾವೋಗೆ ಮಾತ್ರ ಮೀಸಲಾಗಿತ್ತು, ಆ ಜಾಗಕ್ಕೆ ಹೆಸರಿಲ್ಲದ ರೈತ ಬಂದು ಕೂತ. ಕಿವಿಯ ಮೇಲೆ ಸಿಕ್ಕಿಸಿದ ಬಾಲ್‌ಪೆನ್ ಕಾಣುತ್ತದಾ? ಅದು ಮೊದಲು ಇರಲಿಲ್ಲ. ಇವನು ಹೊಸ ಸಮಾಜದ ರೈತ ಅಂತ ಗೊತ್ತಾಗಬೇಕು ಎಂದು ಕಲಾ ಸಂಘದ ಹಿರಿಯರು ಹೇಳಿದ ಮೇಲೆ ಸೇರಿಸಿದ್ದು. ಮುಖದ ಬೇರೆ ಯಾವ ಭಾಗವೂ ಆ ಪೆನ್ನಿನ ಮಾತಿಗೆ ಹ್ಞೂಂ ಅನ್ನುವುದಿಲ್ಲ.

ಹೆಜ್ಜೆ 4: 1979, ಬೇಲಿಗೆ ತೂಗಿದ ಚಿತ್ರಗಳು

ಮೂರನೇ ಕಾಲಮ್ಮಿಗೆ ಇಲ್ಲಿ ಕೆಲಸ. 1979ರ ಸೆಪ್ಟೆಂಬರ್ 27, ಬೀಜಿಂಗಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದ ಒಳಗೆ ಗಣರಾಜ್ಯಕ್ಕೆ ಮೂವತ್ತು ವರ್ಷ ತುಂಬಿದ ಅಧಿಕೃತ ಪ್ರದರ್ಶನ. ಹೊರಗೆ, ಕಬ್ಬಿಣದ ಬೇಲಿಯ ಮೇಲೆ, ‘ಸ್ಟಾರ್ಸ್’ ಗುಂಪಿನ ಹುಡುಗ ಹುಡುಗಿಯರು ತಮ್ಮ ಚಿತ್ರಗಳನ್ನು ತೂಗುಹಾಕಿದರು. ಹುವಾಂಗ್ ರುಯ್, ಮಾ ದೆಶೆಂಗ್, ವಾಂಗ್ ಕೆಪಿಂಗ್, ಲಿ ಶುವಾಂಗ್, ಐ ವೇಯಿವೇಯಿ ಎಲ್ಲ ಇದರಲ್ಲಿದ್ದವರು, ಬಹುತೇಕರು ಕಲಾಶಾಲೆಗೆ ಹೋದವರಲ್ಲ. ಎರಡು ದಿನಕ್ಕೆ ಪೊಲೀಸರು ಬಂದು ತೆಗೆಸಿದರು. ಅಕ್ಟೋಬರ್ 1ರಂದು, ರಾಷ್ಟ್ರದಿನದಂದೇ, ಇವರು ಬೀದಿಯಲ್ಲಿ ಮೆರವಣಿಗೆ ಹೊರಟರು. ಮುಂದೆ ಮಾ ದೆಶೆಂಗ್, ಊರುಗೋಲು ಊರಿಕೊಂಡು. ಅಚ್ಚರಿ ಅಂದರೆ ಆ ವರ್ಷದ ಕೊನೆಗೆ ಬೇಹಾಯ್ ಉದ್ಯಾನದಲ್ಲಿ, ಮರುವರ್ಷ ಅದೇ ಸಂಗ್ರಹಾಲಯದ ಒಳಗೇ ಪ್ರದರ್ಶನಕ್ಕೆ ಅನುಮತಿ ಸಿಕ್ಕಿತು. ಆದರೆ ಅದೇ 1979ರ ಅಕ್ಟೋಬರಿನಲ್ಲಿ, ಜನ ರಾಜಕೀಯ ಬರಹಗಳನ್ನು ಅಂಟಿಸುತ್ತಿದ್ದ ಬೀಜಿಂಗಿನ ಗೋಡೆ ಡೆಮಾಕ್ರಸಿ ವಾಲ್‌ನಲ್ಲಿ ಬರಹ ಅಂಟಿಸಿದ ವೇಯಿ ಜಿಂಗ್‌ಶೆಂಗ್‌ಗೆ ಹದಿನೈದು ವರ್ಷ ಜೈಲು. ಡೆಂಗ್ ಕಾಲದ ಸಡಿಲ ಮತ್ತು ಬಿಗಿ ಎರಡೂ ಒಂದೇ ತಿಂಗಳಲ್ಲಿ ಸಿಗುತ್ತವೆ.

ಈ ಗುಂಪಿನದು ಒಂದೇ ಕೃತಿ ನೋಡುವುದಾದರೆ ವಾಂಗ್ ಕೆಪಿಂಗ್ ಕೆತ್ತಿದ ‘ಮೌನ’ ನೋಡಿ. ಮರದ ಒಂದು ತಲೆ, ಒಂದು ಕಣ್ಣು ಮುಚ್ಚಿದೆ, ಬಾಯಿಗೆ ಬಿರಡೆ ಜಡಿದಿದೆ. 1978ರದು. ಮೊದಲ ಎರಡು ಕಾಲಮ್ಮಿನ ನಡುವೆ ಅಂತರವೇ ಇಲ್ಲದ ಅಪರೂಪದ ಕೃತಿ.

ಹೆಜ್ಜೆ 5: 1989ನ್ನು ಫೆಬ್ರವರಿಯಿಂದ ಶುರು ಮಾಡಿ

ಎಲ್ಲರೂ ಜೂನ್ ತಿಂಗಳಿಗೆ ನೇರ ಹೋಗುತ್ತಾರೆ. ನೀವು ಎಂಬತ್ತರ ದಶಕದ ಉತ್ಸಾಹವನ್ನು ಒಮ್ಮೆ ನೋಡಿ ಬನ್ನಿ. ಶೂ ಬಿಂಗ್ ಎಂಬ ಕಲಾವಿದ ಸುಮಾರು ನಾಲ್ಕು ಸಾವಿರ ಅಕ್ಷರಗಳನ್ನು ತಾನೇ ಕಲ್ಪಿಸಿ, ಮರದಲ್ಲಿ ಒಂದೊಂದಾಗಿ ಕೊರೆದು, ಹಳೇ ಗ್ರಂಥಗಳ ಹಾಗೆಯೇ ಅಚ್ಚು ಹಾಕಿ 1988ರಲ್ಲಿ ಬೀಜಿಂಗಿನಲ್ಲಿ ತೋರಿಸಿದರು. ‘ಆಕಾಶದ ಪುಸ್ತಕ’ ಅಂತ ಹೆಸರು. ಚೀನೀ ಅಕ್ಷರದ ಹಾಗೇ ಕಾಣುತ್ತದೆ, ಒಂದನ್ನೂ ಓದಲಾಗದು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹುಡುಗನಾಗಿದ್ದಾಗ ಗೋಡೆಗಳ ಮೇಲೆ ದಪ್ಪಕ್ಷರದ ಆರೋಪಪತ್ರಗಳನ್ನು ನೋಡುತ್ತ ಬೆಳೆದವನು, ಹಳ್ಳಿಗೆ ಕಳಿಸಲ್ಪಟ್ಟವನು ಅವನು. ಬರಹದ ಮೇಲೆ ನಂಬಿಕೆ ಹೋದ ಒಂದು ತಲೆಮಾರು ಎಷ್ಟು ಶ್ರದ್ಧೆಯಿಂದ ಆ ಮಾತನ್ನು ಹೇಳಿತು ನೋಡಿ.

1989ರ ಫೆಬ್ರವರಿ 5ರಂದು, ಚೀನೀ ಹೊಸವರ್ಷದ ಹಿಂದಿನ ದಿನ, ಅದೇ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ‘ಚೀನಾ/ಅವಾಂಗಾರ್ಡ್’ ಪ್ರದರ್ಶನ ತೆರೆಯಿತು. ಅದರ ಲಾಂಛನ ‘ಯೂ ಟರ್ನ್ ಇಲ್ಲ’ ಎಂಬ ರಸ್ತೆ ಫಲಕ. ಒಬ್ಬ ಗ್ಯಾಲರಿಯಲ್ಲೇ ಸೀಗಡಿ ಮಾರಿದ, ಇನ್ನೊಬ್ಬ ಮೊಟ್ಟೆಗಳ ಮೇಲೆ ಕಾವು ಕೂತ. ಶಿಯಾವೊ ಲು ಎಂಬ ಯುವತಿ ಎರಡು ಟೆಲಿಫೋನ್ ಬೂತುಗಳಿದ್ದ ತನ್ನದೇ ಕೃತಿಗೆ ಪಿಸ್ತೂಲಿನಿಂದ ಗುಂಡು ಹಾರಿಸಿದಳು. ಪ್ರದರ್ಶನ ಮುಚ್ಚಿಸಿದರು. ಆಮೇಲೆ ಆದದ್ದಕ್ಕೆಲ್ಲ ಅದನ್ನೇ ಮೊದಲ ಗುಂಡು ಅಂತ ಜನ ಕರೆದರು, ರಾಜಕೀಯ ಅರ್ಥ ಹಚ್ಚಿದರು. ಅದು ತನ್ನ ಖಾಸಗಿ ನೋವಿನಿಂದ ಹುಟ್ಟಿದ್ದು ಅಂತ ಆಕೆ ವರ್ಷಗಳ ನಂತರ ಹೇಳಿದರು. ಚೀನಾದ ಪ್ರತಿಯೊಂದು ಕೃತಿಯಲ್ಲೂ ಸರ್ಕಾರದ ವಿರೋಧವನ್ನೇ ಹುಡುಕುವ ಚಟ ನಮ್ಮಂಥ ಹೊರಗಿನವರಿಗೆ ಬೇಗ ಹತ್ತುತ್ತದೆ, ಹಾಗಾಗಿ ಈ ಹೆಣ್ಣುಮಗಳ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಏಪ್ರಿಲಿನಿಂದ ವಿದ್ಯಾರ್ಥಿಗಳು ಚೌಕದಲ್ಲಿದ್ದರು. ಮೇ 30ಕ್ಕೆ ಕೇಂದ್ರ ಲಲಿತಕಲಾ ಅಕಾಡೆಮಿಯ ವಿದ್ಯಾರ್ಥಿಗಳು ಥರ್ಮೋಕೋಲ್, ಪ್ಲಾಸ್ಟರ್‌ನಿಂದ ಮಾಡಿದ ಸುಮಾರು ಹತ್ತು ಮೀಟರ್ ಎತ್ತರದ ‘ಪ್ರಜಾಪ್ರಭುತ್ವದ ದೇವತೆ’ಯನ್ನು ಮಾವೋ ಭಾವಚಿತ್ರಕ್ಕೆ ಎದುರಾಗಿ ನಿಲ್ಲಿಸಿದರು. ಐದು ದಿನ ನಿಂತಿತ್ತು. ಜೂನ್ 4ರಂದು ಸೈನ್ಯ ಅದನ್ನು ಉರುಳಿಸಿತು, ಆ ರಾತ್ರಿ ಬೀದಿಗಳಲ್ಲಿ ಜನರನ್ನು ಕೊಂದಿತು. ಚೀನಾದೊಳಗೆ ಇದರ ಬಗ್ಗೆ ಇವತ್ತಿಗೂ ನೇರವಾಗಿ ಏನನ್ನೂ ತೋರಿಸುವ ಹಾಗಿಲ್ಲ. ಹಾಂಗ್‌ಕಾಂಗಿನಲ್ಲಿ ತೋರಿಸಬಹುದಿತ್ತು. 2021ರ ಡಿಸೆಂಬರಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಆವರಣದಿಂದ ತಿಯಾನನ್ಮೆನ್ ಸಾವುಗಳ ನೆನಪಿನ ‘ಪಿಲ್ಲರ್ ಆಫ್ ಶೇಮ್’ ಶಿಲ್ಪವನ್ನು ರಾತ್ರೋರಾತ್ರಿ ತೆಗೆಸಿದರು. ಬೇರೆ ಸಾಲುಗಳಲ್ಲಿ ಅಂತರ ಹತ್ತು ವರ್ಷ, ಮೂವತ್ತು ವರ್ಷ ಅಂತ ಲೆಕ್ಕ ಸಿಗುತ್ತದೆ. ಈ ಸಾಲಿನಲ್ಲಿ ಲೆಕ್ಕ ಇನ್ನೂ ಮುಗಿದಿಲ್ಲ.

ಹೆಜ್ಜೆ 6: ನಗು, ಆಕಳಿಕೆ, ಕೋಕಾಕೋಲಾ

ನೇರವಾಗಿ ಹೇಳಲಾಗದ್ದು ಅಡ್ಡದಾರಿಯಲ್ಲಿ ಬಂತು. ಫಾಂಗ್ ಲಿಜುನ್ ಬರೆದ ಬೋಳುತಲೆಯ ಆಕಳಿಸುವ ಗಂಡಸರು, ಯುಯೆ ಮಿನ್‌ಜುನ್ ಬರೆದ, ಕಣ್ಣು ಮುಚ್ಚಿ ಮೂವತ್ತೆರಡೂ ಹಲ್ಲು ತೋರಿಸಿ ನಗುವ ಅವನದೇ ಮುಖಗಳು. ವಿಮರ್ಶಕ ಲಿ ಶಿಯಾಂಟಿಂಗ್ ಇದನ್ನು ‘ಸಿನಿಕಲ್ ರಿಯಲಿಸಂ’ ಅಂದರು. ವಾಂಗ್ ಗ್ವಾಂಗ್‌ಯಿ ಸಾಂಸ್ಕೃತಿಕ ಕ್ರಾಂತಿಯ ಪೋಸ್ಟರಿನ ಕಾರ್ಮಿಕ ಸೈನಿಕರನ್ನು ಹಾಗೇ ಎತ್ತಿ ತಂದು ಕೋಕಾಕೋಲಾ ಹೆಸರಿನ ಪಕ್ಕ ನಿಲ್ಲಿಸಿ, ಮೇಲೆಲ್ಲ ಅಂಕಿ ಒತ್ತಿದರು. ಹಳೇ ಪ್ರಚಾರ, ಹೊಸ ಜಾಹೀರಾತು ಎರಡೂ ಒಂದೇ ದನಿಯಲ್ಲಿ ಕೂಗುತ್ತವೆ ಅನ್ನೋದು ಒಂದೇ ನೋಟಕ್ಕೆ ತಿಳಿಯುತ್ತದೆ. 1992ರ ನಂತರದ ಚೀನಾಕ್ಕೆ ಇದಕ್ಕಿಂತ ಒಳ್ಳೆ ಮುಖಪುಟ ಇಲ್ಲ.

ಈ ಹೆಜ್ಜೆಯಲ್ಲಿ ಬೆಲೆಗಳು ನಿಮ್ಮನ್ನು ದಾರಿ ತಪ್ಪಿಸಬಾರದು. ಝಾಂಗ್ ಶಿಯಾವೊಗಾಂಗ್ ಅವರ ಒಂದು ‘ಬಿಗ್ ಫ್ಯಾಮಿಲಿ’ ಚಿತ್ರ 2014ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ 9.4 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ತೊಂಬತ್ತರ ದಶಕದಲ್ಲಿ ಇವರನ್ನು ಕೊಂಡವರು ಹೆಚ್ಚಾಗಿ ವಿದೇಶಿ ರಾಯಭಾರಿಗಳು, ಸಂಗ್ರಾಹಕರು, ಅವರಿಗೆ ಬೇಕಾದ ಚೀನಾ ಈ ಚಿತ್ರಗಳಲ್ಲಿ ಸಿಕ್ಕಿತು. ಕೃತಿ ಕೆಟ್ಟದು ಅಂತ ಇದರ ಅರ್ಥವಲ್ಲ. ಬೆಲೆ ಜಾಸ್ತಿ ಇರುವ ಹತ್ತು ಹೆಸರುಗಳಲ್ಲೇ ನಿಂತುಬಿಟ್ಟರೆ ಮುಂದಿನ ಹೆಜ್ಜೆ ತಪ್ಪಿಹೋಗುತ್ತದೆ, ಅಷ್ಟೇ.

ಹೆಜ್ಜೆ 7: ಕೆಲಸ ಮಾಡಿದವರನ್ನು ಹುಡುಕಿ

ಗಗನಚುಂಬಿ ಕಟ್ಟಡ, ಬುಲೆಟ್ ರೈಲು ಎಲ್ಲರಿಗೂ ಗೊತ್ತು. ಕಟ್ಟಿದವರು ಯಾರು? ಹಳ್ಳಿಯ ಹುಕೌ, ಅಂದರೆ ಹುಟ್ಟೂರಿನ ನೋಂದಣಿ, ಹೊತ್ತುಕೊಂಡು ನಗರಕ್ಕೆ ಬಂದವರು. ನಗರದ ಶಾಲೆ, ಆಸ್ಪತ್ರೆಯ ಮೇಲೆ ಅವರಿಗೆ ಪೂರ್ತಿ ಹಕ್ಕಿಲ್ಲ. 1997ರಲ್ಲಿ ಝಾಂಗ್ ಹುವಾನ್ ಇಂಥ ಸುಮಾರು ನಲವತ್ತು ಜನರನ್ನು ಬೀಜಿಂಗಿನ ಒಂದು ಮೀನಿನ ಕೊಳಕ್ಕೆ ಇಳಿಸಿ ಸುಮ್ಮನೆ ನಿಲ್ಲಿಸಿದರು. ಅವರ ಮೈಯಷ್ಟು ನೀರು ಮೇಲೇರಿತು. ಅಷ್ಟೇ ಕೃತಿ, ಉಳಿದಿರುವುದು ಫೋಟೋ. ಝಾಂಗ್ ದಾಲಿ ಕೆಡವಲು ಗುರುತು ಹಾಕಿದ ಹಳೇ ಓಣಿಗಳ ಗೋಡೆ ಮೇಲೆ ತನ್ನದೇ ತಲೆಯ ಗೆರೆಚಿತ್ರವನ್ನು ಸ್ಪ್ರೇ ಮಾಡುತ್ತ ಊರೆಲ್ಲ ತಿರುಗಿದರು. ಆಮೇಲೆ ವಲಸೆ ಕಾರ್ಮಿಕರ ಮೈಯಿಂದಲೇ ಅಚ್ಚು ತೆಗೆದು ಆ ಮೂರ್ತಿಗಳನ್ನು ತಲೆಕೆಳಗಾಗಿ ನೇತುಹಾಕಿದರು. ಲಿಯು ಶಿಯಾವೊದೋಂಗ್ ತ್ರೀ ಗಾರ್ಜಸ್ ಅಣೆಕಟ್ಟೆಯ ಜಾಗಕ್ಕೇ ಹೋಗಿ, ಊರು ಬಿಡುತ್ತಿದ್ದವರನ್ನು ಬರೆದರು. ಆ ಅಣೆಕಟ್ಟೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ. 1992ರಲ್ಲಿ ಸಂಸತ್ತಿನ ಮುಂದೆ ಬಂದಾಗ ಸುಮಾರು ಮೂರನೇ ಒಂದು ಭಾಗ ಸದಸ್ಯರು ಪರವಾಗಿ ಮತ ಹಾಕಲಿಲ್ಲ, ಚೀನಾದಲ್ಲಿ ಅದು ಸಣ್ಣ ಮಾತಲ್ಲ.

ಈ ಹೆಜ್ಜೆಯಲ್ಲಿ ನನಗೆ ತುಂಬ ಇಷ್ಟವಾದದ್ದು ತ್ಸಾವೊ ಫೇ ಅವರ ‘ಹೂಸ್ ಯುಟೋಪಿಯಾ’, 2006ರ ಸುಮಾರು ಇಪ್ಪತ್ತು ನಿಮಿಷದ ವಿಡಿಯೋ. ಗ್ವಾಂಗ್‌ಡಾಂಗಿನ ಫೋಶಾನ್‌ನಲ್ಲಿ ಒಂದು ಬಲ್ಬ್ ಕಾರ್ಖಾನೆ. ಮೊದಲು ಯಂತ್ರಗಳು, ಗಾಜು, ಬೆರಳುಗಳು. ಆಮೇಲೆ ಅದೇ ಕೆಲಸಗಾರರು, ಯಂತ್ರಗಳ ಸಾಲಿನ ನಡುವೆಯೇ, ತಮಗೆ ಏನಾಗಬೇಕಿತ್ತೋ ಅದಾಗುತ್ತಾರೆ. ಒಬ್ಬಳು ಬ್ಯಾಲೆ ಉಡುಪಿನಲ್ಲಿ ತುದಿಗಾಲಿನಲ್ಲಿ ಕುಣಿಯುತ್ತಾಳೆ, ಒಬ್ಬ ಗಿಟಾರ್ ಬಾರಿಸುತ್ತಾನೆ. ಪಕ್ಕದವರು ತಲೆಯೆತ್ತದೆ ಕೆಲಸ ಮಾಡುತ್ತಿರುತ್ತಾರೆ. 2001ರ ನಂತರ ಜಗತ್ತಿಗೆಲ್ಲ ಸಾಮಾನು ಕಳಿಸಿದ ಚೀನಾ ಅಂದರೆ ಈ ಮುಖಗಳು. ನಮ್ಮ ಮನೆಗಳಿಗೆ ಬಂದ ಎಷ್ಟೋ ಬಲ್ಬುಗಳೂ ಇಂಥ ಕೈಗಳನ್ನು ದಾಟಿಯೇ ಬಂದಿರುತ್ತವೆ.

ಹೆಜ್ಜೆ 8: 2008ರ ಎರಡು ಮುಖ

ಮೇ 12ಕ್ಕೆ ಸಿಚುವಾನ್ ಭೂಕಂಪ. ಸುಮಾರು 69,000 ಸಾವು. ಕಳಪೆಯಾಗಿ ಕಟ್ಟಿದ ಶಾಲೆಗಳು ಕುಸಿದು ಐದು ಸಾವಿರಕ್ಕೂ ಹೆಚ್ಚು ಮಕ್ಕಳು ಸತ್ತರು, ಯಾಕೆ ಹೀಗಾಯಿತು ಅಂತ ಕೇಳಿದ ಪೋಷಕರ ಬಾಯಿ ಮುಚ್ಚಿಸಿದರು. ಆಗಸ್ಟ್ 8ಕ್ಕೆ ಒಲಿಂಪಿಕ್ಸ್. ಬೀಜಿಂಗಿನ ಆಕಾಶದಲ್ಲಿ ಹೆಜ್ಜೆಗಳ ಹಾಗೆ ಮೂಡಿದ ಪಟಾಕಿ ತ್ಸೈ ಗುವೊಚಿಯಾಂಗ್ ಅವರದು. ಒಲಿಂಪಿಕ್ಸ್ ನಡೆದ ಸ್ಟೇಡಿಯಂ ವಿನ್ಯಾಸಕ್ಕೆ ಸಲಹೆ ಕೊಟ್ಟಿದ್ದ ಐ ವೇಯಿವೇಯಿ ಸ್ವಯಂಸೇವಕರನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಸತ್ತ ಮಕ್ಕಳ ಹೆಸರು ಬರೆಸಿಕೊಂಡರು. 2009ರಲ್ಲಿ ಮ್ಯೂನಿಕ್ ಮ್ಯೂಸಿಯಮ್ಮಿನ ಗೋಡೆಗೆ 9,000 ಶಾಲಾ ಬ್ಯಾಗ್ ಜೋಡಿಸಿ, ತನ್ನ ಮಗಳು ಈ ಲೋಕದಲ್ಲಿ ಏಳು ವರ್ಷ ಸಂತೋಷದಿಂದ ಇದ್ದಳು ಎಂದ ಒಬ್ಬ ತಾಯಿಯ ಮಾತನ್ನು ಚೀನೀ ಅಕ್ಷರದಲ್ಲಿ ಬರೆದರು. ಬಿದ್ದ ಕಟ್ಟಡಗಳ ಸೊಟ್ಟಗಾದ ಕಬ್ಬಿಣದ ಸರಳುಗಳನ್ನು ಗುಜರಿಯಲ್ಲಿ ಕೊಂಡು, ಸುತ್ತಿಗೆಯಿಂದ ಒಂದೊಂದನ್ನೂ ನೆಟ್ಟಗೆ ಮಾಡಿಸಿ, 2013ರಲ್ಲಿ ವೆನಿಸ್‌ನಲ್ಲಿ ಸುಮಾರು 150 ಟನ್ ಹಾಸಿದರು. ನಡುವೆ, 2011ರಲ್ಲಿ, 81 ದಿನ ಅವರನ್ನು ಬಂಧನದಲ್ಲಿ ಇಟ್ಟಿದ್ದರು. ಪಟಾಕಿ ಮತ್ತು ಸರಳು ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಎರಡೂ ಚೀನಾ, ಒಂದನ್ನು ಬಿಟ್ಟರೆ ಇನ್ನೊಂದು ಅರ್ಧ.

ಹೆಜ್ಜೆ 9: ಎಲ್ಲಿ ನೋಡುವುದು

ವಿಮಾನದ ಟಿಕೆಟ್ ಬೇಡ. ಪ್ರಚಾರದ ಪೋಸ್ಟರುಗಳಿಗೆ ಆಮ್‌ಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಸಾಮಾಜಿಕ ಇತಿಹಾಸ ಸಂಸ್ಥೆಯ ಸಂಗ್ರಹ ಅಂತರ್ಜಾಲದಲ್ಲಿದೆ, ಇಸವಿವಾರು ನೋಡಬಹುದು. ಎಂಬತ್ತರ ದಶಕದ ಫೋಟೋ, ಪತ್ರ, ಆಹ್ವಾನಪತ್ರಿಕೆಗಳಿಗೆ ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್. ‘ವೇಸ್ಟ್ ನಾಟ್’ಗೆ ಮೋಮಾ, ಸೂರ್ಯಕಾಂತಿ ಬೀಜಕ್ಕೆ ಟೇಟ್. ಉಳಿದ ಬಹಳಷ್ಟಕ್ಕೆ ಹಾಂಗ್‌ಕಾಂಗಿನ ಎಂ ಪ್ಲಸ್ ಮ್ಯೂಸಿಯಂ. ಸ್ವಿಟ್ಜರ್ಲೆಂಡಿನ ಮಾಜಿ ರಾಯಭಾರಿ ಊಲಿ ಸಿಗ್ ಕೊಟ್ಟ 1,463 ಕೃತಿಗಳು ಅಲ್ಲಿವೆ. 2021ರ ನವೆಂಬರಿನಲ್ಲಿ ಅದು ತೆರೆಯುವ ಮೊದಲೇ ತಿಯಾನನ್ಮೆನ್ ಕಡೆಗೆ ಐ ವೇಯಿವೇಯಿ ನಡುಬೆರಳು ತೋರಿಸಿದ ಫೋಟೋವನ್ನು ಜಾಲತಾಣದಿಂದ ತೆಗೆದಿದ್ದರು, ಹಾಗಾಗಿ ಒಂದೇ ಮ್ಯೂಸಿಯಮ್ಮಿನ ಪಟ್ಟಿಯನ್ನು ಪೂರ್ತಿ ಪಟ್ಟಿ ಅಂದುಕೊಳ್ಳಬೇಡಿ. ಒಂದು ಕಡೆ ಇಲ್ಲದ್ದನ್ನು ಇನ್ನೊಂದು ಕಡೆ ಹುಡುಕಿ.

ಒಂದೇ ವಾರಾಂತ್ಯದಲ್ಲಿ ಎಲ್ಲ ಮುಗಿಸಲು ಹೋಗಬೇಡಿ, ವಾರಕ್ಕೆ ಒಂದು ಕೃತಿ ಸಾಕು. ಹೆಚ್ಚು ಹಿನ್ನೆಲೆ ಬೇಡದ ಕೃತಿಗಳೆಂದರೆ ಲುವೊ ಝಾಂಗ್‌ಲಿಯ ‘ಅಪ್ಪ’ ಮತ್ತು ಸೋಂಗ್ ದೋಂಗ್ ತಾಯಿಯ ಸೋಪು, ಅವುಗಳಿಂದ ಶುರು ಮಾಡಿದರೆ ಸುಲಭ. ಡಾಂಗ್ ಶೀವೆನ್ ಚಿತ್ರವನ್ನು ಮೂರನೇ ವಾರಕ್ಕೆ ಇಟ್ಟುಕೊಳ್ಳಿ. ಆ ಹೊತ್ತಿಗೆ ನಾಯಕರ ಹೆಸರುಗಳು ಕಿವಿಗೆ ಪರಿಚಯವಾಗಿರುತ್ತವೆ, ಐವತ್ತನೇ ಪುಟಕ್ಕೆ ಬಿಟ್ಟ ಪುಸ್ತಕವನ್ನೂ ಅದರ ಜೊತೆಗೇ ಮತ್ತೆ ತೆಗೆಯಬಹುದು.